ಹೆಸರು ಬರೆಯದ ಡಬ್ಬಿ

ಟಕ್ ಎಂದು ಒಂದು ಸಣ್ಣ ಸದ್ದು.

ರಾತ್ರಿ ಹನ್ನೊಂದೂವರೆ ದಾಟಿತ್ತು. ಹೇಮಶ್ರೀ ಹಾಸಿಗೆಯಲ್ಲೇ ಕಿವಿಗೊಟ್ಟಳು. ಗ್ಯಾಸ್ ಆರಿಸಿದ್ದಾಗಿದೆ, ಗೇಟಿಗೆ ಬೀಗ ಬಿದ್ದಿದೆ, ನೀರಿನ ಮೋಟರು ನಿಂತಿದೆ. ಮಲಗುವ ಮುಂಚೆ ಇಷ್ಟನ್ನೂ ಎರಡೆರಡು ಸಲ ನೋಡುವುದು ಅವಳ ಅಭ್ಯಾಸ. ಮನೆಯ ಯಾವ ಸದ್ದು ಯಾವ ವಸ್ತುವಿನದೆಂದು ಕತ್ತಲಲ್ಲೂ ಹೇಳಬಲ್ಲಳು. ಇದು ಹಿತ್ತಲ ಚರಂಡಿಯ ಹೆಗ್ಗಣದ್ದಲ್ಲ. ಲೋಹದ ಮೇಲೆ ಲೋಹ ಬಿಗಿಯಾಗಿ ಕೂತ ಸದ್ದು.

ದಿನವಿಡೀ ನೀರಿನ ಟ್ಯಾಂಕರ್ ಓಡಿಸಿ ಬಂದಿದ್ದ ಗಂಡ ಕೆಂಪರಾಜು ಮಗ್ಗುಲು ಬದಲಿಸಲೂ ಇಲ್ಲ. ಹೇಮಶ್ರೀ ಎದ್ದು ಅಡುಗೆಮನೆಗೆ ಬರುವಷ್ಟರಲ್ಲಿ ಅತ್ತೆ ಮುನಿಲಕ್ಷ್ಮಮ್ಮ ಹಿತ್ತಲ ಬಾಗಿಲು ದಾಟಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬರುತ್ತಿದ್ದರು.

"ಅತ್ತೆ, ಇಷ್ಟೊತ್ನಲ್ಲಿ ಏನ್ಮಾಡ್ತಿದ್ರಿ?"

"ತುಳಸಿಕಟ್ಟೆ ಮುಂದೆ ರಂಗೋಲಿ ಬಿಟ್ಟು ಬಂದೆ ಕಣೇ. ನಾಳೆ ಶುಕ್ರವಾರ ಅಲ್ವಾ. ಬೆಳಗ್ಗೆದ್ದು ಕುಕ್ಕರಗಾಲಲ್ಲಿ ಕೂತ್ರೆ ಮಂಡಿ ಬಿಡಾಕಿಲ್ಲ."

"ಕತ್ಲಲ್ಲಿ ಬಿದ್ದುಗಿದ್ರೆ?"

"ಎತ್ತಾಕೆ ನೀನಿದ್ದೀಯಲ್ಲ. ಯಾವಾಗ್ ನೋಡಿದ್ರೂ ಕಣ್ ಬಿಟ್ಕೊಂಡೇ ಇರ್ತೀಯ. ಹೆಂಗಸೋ ಗೂಬೆಯೋ?" ಎಂದು ನಕ್ಕು ಅತ್ತೆ ತಮ್ಮ ಕೋಣೆಗೆ ಹೋದರು.

ಹೇಮಶ್ರೀಯೂ ನಕ್ಕಳು. ಮತ್ತೆ ಮಲಗಿದ ಮೇಲೆ, ಅತ್ತೆಯ ರಂಗೋಲಿ ಪುಡಿ ಇರುವುದು ಪ್ಲಾಸ್ಟಿಕ್ ಡಬ್ಬಿಯಲ್ಲಲ್ಲವೇ, ಅದು ಹಾಗೆ ಸದ್ದು ಮಾಡುವುದಿಲ್ಲವಲ್ಲ ಎಂಬ ಯೋಚನೆ ಸುಮ್ಮನೆ ಒಮ್ಮೆ ಸುಳಿಯಿತು. ಅದು ಪೂರ್ತಿಯಾಗುವ ಮುಂಚೆ ನಿದ್ದೆ ಬಂತು.

ಕುಮಾರಸ್ವಾಮಿ ಲೇಔಟಿನ ಆ ಮನೆಯಲ್ಲಿ ಹೇಮಶ್ರೀ ಮೂರು ವರ್ಷದಿಂದ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಕೆಲಸಕ್ಕೆ ಹೋಗುವ ತಾಯಂದಿರು ಬೆಳಿಗ್ಗೆ ಬಿಟ್ಟು, ಸಂಜೆ ಕರೆದುಕೊಂಡು ಹೋಗುವರು. ಈಗ ಐವರು. ಅವರಲ್ಲಿ ಚಿಕ್ಕವಳು ಮಹಡಿಯ ಬಾಡಿಗೆ ಮನೆಯ ದಾನಮ್ಮನ ಮಗಳು ರೇಣು, ಇನ್ನೂ ಮೂರು ತುಂಬಿಲ್ಲ. ಬಾಗಲಕೋಟೆ ಕಡೆಯಿಂದ ಬಂದ ದಾನಮ್ಮ ಜಯನಗರದ ಒಂದು ಹಲ್ಲಿನ ಕ್ಲಿನಿಕ್ಕಿನಲ್ಲಿ ಸಹಾಯಕಿ. ಗಂಡ ಕ್ಯಾಬ್ ಓಡಿಸುತ್ತಾನೆ. "ನಿಮ್ಮ ಕಣ್ಣಾಗಿದ್ರ ನಂಗ ಚಿಂತಿಲ್ರಿ ಅಕ್ಕಾರ" ಎಂದು ಅವಳು ಹೇಳಿದಾಗಲೆಲ್ಲ ಹೇಮಶ್ರೀಗೆ ಹೆಮ್ಮೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು.

ಮಕ್ಕಳು ಆಡುವುದು ಹಿತ್ತಲಲ್ಲಿ. ಮಳೆಗಾಲ ಹಿಡಿದ ಮೇಲೆ ಅಲ್ಲಿ ಕೆಂಪಿರುವೆ ಕಾಟ ಶುರುವಾಗಿತ್ತು. ಸೋಮವಾರ ವಸಿಷ್ಠ ಎಂಬ ನಾಲ್ಕು ವರ್ಷದ ಹುಡುಗ ಗೂಡಿನ ಮೇಲೆ ಕಾಲಿಟ್ಟು ಪಾದವೆಲ್ಲ ಊದಿತು. ಸಂಜೆ ಬಂದ ಅವನ ತಾಯಿ, "ದುಡ್ಡು ಕೊಟ್ಟು ಬಿಡೋದು ಇರುವೆ ಕಚ್ಚಿಸ್ಕೊಳಕ್ಕಾ?" ಎಂದು ಎಲ್ಲರೆದುರಿಗೇ ಕೇಳಿದ್ದರು.

ಮಾರನೆಯ ದಿನವೇ ಹೇಮಶ್ರೀ ಮೂಲೆಯ ಅಂಗಡಿಯ ಕಿಟ್ಟಿಯಿಂದ ಇರುವೆ ಪುಡಿ ತಂದಳು. ಅದನ್ನು ಕಂಡು ಅತ್ತೆ ಮುಖ ಗಂಟಿಕ್ಕಿದರು.

"ಇರುವೆ ತಿನ್ಲಿ ಅಂತ್ಲೇ ಅಲ್ವೇನೇ ರಂಗೋಲಿ ಬಿಡೋದು? ನಮ್ಮತ್ತೆ ಅಕ್ಕಿಹಿಟ್ಟು ಬಿಟ್ಟು ಬ್ಯಾರೆ ಪುಡೀನೇ ಮುಟ್ತಿರಲಿಲ್ಲ. ನೀನು ನೋಡಿದ್ರೆ ಅವಕ್ಕೆ ವಿಷ ಇಕ್ಕಾಕೆ ಹೊರಟಿದ್ದೀಯ."

"ವಸಿಷ್ಠನ ಕಾಲು ನೋಡಿದ್ರಲ್ಲ ಅತ್ತೆ, ಬನ್ ಥರ ಆಗಿತ್ತು."

"ಗೂಡಿಗೆ ಕುದಿಯೋ ನೀರು ಹುಯ್ಯಿ. ಮಕ್ಳು ಚೆಲ್ಲಿದ ಬಿಸ್ಕತ್ತು ಆವತ್ತಾವತ್ತೇ ಗುಡಿಸು. ತಾವಾಗೇ ಹೋಯ್ತವೆ."

"ಐದು ಮಕ್ಕಳನ್ನ ಇಟ್ಕೊಂಡು ಗೂಡು ಹುಡುಕ್ತಾ ಕೂರಕ್ಕಾಗುತ್ತಾ? ತಾಯಂದಿರು ಮಕ್ಕಳನ್ನ ಬಿಡಿಸ್ಕೊಂಡು ಹೋದ್ರೆ?"

ಹೇಮಶ್ರೀ ಮಂಗಳವಾರ ಸಂಜೆ ಮಕ್ಕಳೆಲ್ಲ ಹೋದ ಮೇಲೆ, ಮುಖಕ್ಕೆ ದುಪಟ್ಟಾ ಕಟ್ಟಿಕೊಂಡು, ಕಾಂಪೌಂಡಿನ ಹಿಂದಿನ ಸಂದಿಯಲ್ಲಿ ಮಾತ್ರ ಪುಡಿ ಉದುರಿಸಿದಳು. ಪ್ಯಾಕೆಟ್ ಹರಿದಿತ್ತು. ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಮಕ್ಕಳ ಕೈಗೆ ಸಿಕ್ಕೀತೆಂದು ಹೆದರಿ, ಮುಚ್ಚಳ ಬಿಗಿಯಾದ ಡಬ್ಬಿಗಾಗಿ ಹುಡುಕಿದಾಗ ಅಟ್ಟದ ಮೇಲೆ ಒಂದು ಹಳೆಯ ಸ್ಟೀಲ್ ಡಬ್ಬಿ ಸಿಕ್ಕಿತು. ದೊಡ್ಡವರಿಗೇ ತೆಗೆಯಲು ಕಷ್ಟವಾದ ಮುಚ್ಚಳ. ಪುಡಿ ಅದಕ್ಕೆ ಸುರಿದು, ಪ್ಯಾಕೆಟ್ಟನ್ನು ಕಸಕ್ಕೆ ಹಾಕಿ, ಡಬ್ಬಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲಿನ ಎತ್ತರದ ಹಲಗೆಗೆ ಏರಿಸಿದಳು. ಮೇಲೊಂದು ಚೀಟಿ ಅಂಟಿಸಬೇಕೆಂದು ಪೆನ್ನು ತರಲು ಒಳಗೆ ಹೋದವಳಿಗೆ ಫೋನ್ ಬಂತು. ವಸಿಷ್ಠನ ತಾಯಿ. ಅವರನ್ನು ಸಮಾಧಾನ ಮಾಡುವಷ್ಟರಲ್ಲಿ ಚೀಟಿ ಮರೆತುಹೋಯಿತು.

ಆ ಡಬ್ಬಿ ಹದಿನೈದು ವರ್ಷ ಅತ್ತೆಯ ರಂಗೋಲಿ ಡಬ್ಬಿಯಾಗಿತ್ತು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಅತ್ತೆ ಕಾಫಿ ಹೀರುತ್ತಾ ಖುಷಿಯಲ್ಲಿದ್ದರು. "ಈ ಸಲ ಪುಡಿ ಎಷ್ಟು ನಯವಾಗಿತ್ತು ಗೊತ್ತಾ? ಒಂದೆಳೇನೂ ಕಡೀಲಿಲ್ಲ. ಹೋಗಿ ನೋಡು." ಎಂಟೂವರೆಗೆ ಮಕ್ಕಳು ಬರತೊಡಗಿದ್ದರಿಂದ ಹೇಮಶ್ರೀಗೆ ನೋಡಲಾಗಲಿಲ್ಲ. ದಾನಮ್ಮ ಕೊನೆಯವಳಾಗಿ ಬಂದಳು.

"ಮುಂಜಾನಿಂದ ಹಟಾ ಮಾಡಾಕತ್ತಾಳ್ರಿ ಅಕ್ಕಾರ. ಅಜ್ಜಿ ರಂಗೋಲಿ ನೋಡ್ಬೇಕಂತ. ಮ್ಯಾಲಿಂದ ಕಂಡಾಳ."

"ಅಜ್ಜಿ ಹಕ್ಕಿ!" ಎಂದಳು ರೇಣು. ಅತ್ತೆ ಮೂಲೆ ಮೂಲೆಗೂ ನವಿಲು ಬಿಟ್ಟಿದ್ದರು.

ಒಂದು ವಾರದ ಹಿಂದೆ ಗೋಕುಲಾಷ್ಟಮಿಯಲ್ಲಿ ಅತ್ತೆ ಅಕ್ಕಿಹಿಟ್ಟಿನಲ್ಲಿ ಬಾಗಿಲಿನಿಂದ ದೇವರ ಗೂಡಿನವರೆಗೆ ಕೃಷ್ಣನ ಪುಟ್ಟ ಹೆಜ್ಜೆ ಬಿಡಿಸಿದ್ದರು. ರೇಣು ಹಿಂದೆಯೇ ತೆವಳುತ್ತಾ ಬೆರಳಿಗೆ ಹಿಟ್ಟು ಹತ್ತಿಸಿಕೊಂಡು ನೆಕ್ಕಿದ್ದಳು. "ತಿನ್ಲಿ ಬಿಡು, ಹಿಟ್ಟೇ ತಾನೇ. ಕೃಷ್ಣನೂ ಇಂಗೇ ಇದ್ದಿದ್ದು" ಎಂದು ಅತ್ತೆ ನಕ್ಕಿದ್ದರು. ಹೇಮಶ್ರೀ ಮೊಬೈಲಿನಲ್ಲಿ ವಿಡಿಯೋ ತೆಗೆದು ದಾನಮ್ಮನಿಗೆ ಕಳಿಸಿದ್ದಳು. ಎಲ್ಲರೂ ಅದನ್ನು ಎರಡೆರಡು ಸಲ ನೋಡಿದ್ದರು.

ಹತ್ತು ಗಂಟೆಗೆ ಮಕ್ಕಳಿಗೆ ಬಾಳೆಹಣ್ಣು ಸುಲಿಯುತ್ತಿದ್ದ ಹೇಮಶ್ರೀ ತಲೆ ಎಣಿಸಿದಳು. ನಾಲ್ಕು. ಹಿತ್ತಲಿಗೆ ಬಂದರೆ ರೇಣು ತುಳಸಿಕಟ್ಟೆಯ ಮುಂದೆ ಕೂತಿದ್ದಳು. ತುಟಿ ಬೆಳ್ಳಗೆ, ಬೆರಳು ಬಾಯಲ್ಲಿ. ಒಂದು ನವಿಲಿನ ಬಾಲ ಅಳಿಸಿಹೋಗಿತ್ತು.

"ಕಿಷ್ಣ" ಎಂದು ರೇಣು ಅವಳತ್ತ ನೋಡಿ ನಕ್ಕಳು.

ಹೇಮಶ್ರೀಗೂ ನಗು ಬಂತು. ಎತ್ತಿಕೊಳ್ಳಲು ಬಗ್ಗಿದಳು. ಆಗ ಎಳೆಗಳ ಉದ್ದಕ್ಕೂ ಸಣ್ಣ ಚುಕ್ಕಿಗಳು ಕಂಡವು. ಇರುವೆಗಳು. ನೂರಾರು. ಒಂದೂ ಅಲುಗಾಡುತ್ತಿರಲಿಲ್ಲ.

ರಾತ್ರಿಯ ಆ ಸದ್ದು ಕಿವಿಯಲ್ಲಿ ಮತ್ತೆ ಕೇಳಿತು. ತಲೆಯೆತ್ತಿ ಹಲಗೆ ನೋಡಿದಳು. ಡಬ್ಬಿ ಇಟ್ಟ ಜಾಗದಲ್ಲಿರಲಿಲ್ಲ, ಒಂದು ಗೇಣು ಈಚೆಗೆ ಬಂದಿತ್ತು. ಮುಚ್ಚಳದ ಮೇಲೆ ಬಿಳಿಯ ಬೆರಳ ಗುರುತು. ಆ ಗಾಟು ವಾಸನೆ ಅತ್ತೆಗೆ ಯಾಕೆ ತಿಳಿಯಲಿಲ್ಲ ಎಂದುಕೊಳ್ಳುವಷ್ಟರಲ್ಲೇ ಉತ್ತರವೂ ಹೊಳೆಯಿತು. ಕರೋನಾ ಜ್ವರ ಬಂದು ಹೋದಾಗಿನಿಂದ ಅವರಿಗೆ ಹಾಲು ಸೀದರೂ ಗೊತ್ತಾಗುತ್ತಿರಲಿಲ್ಲ.

ಅವಳು ಮಗುವಿನ ಬಾಯನ್ನು ಒದ್ದೆ ಬಟ್ಟೆಯಿಂದ ಒರೆಸಿದಳು, ಕೈ ತೊಳೆದಳು, ಪುಡಿ ಮೆತ್ತಿದ ಅಂಗಿ ಬಿಚ್ಚಿದಳು. ಅತ್ತೆ ಒಳಗಿನಿಂದ ಬಂದರು.

"ಏನಾಯ್ತೇ?"

"ಬಾಯಿಗೆ ಏನೋ ಹಾಕ್ಕೊಂಡಿದ್ದಾಳೆ ಅತ್ತೆ. ಆಸ್ಪತ್ರೆಗೆ ಹೋಗ್ತೀನಿ."

"ಉಪ್ಪುನೀರು ಕುಡಿಸು ಮೊದ್ಲು. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡ್ಸು."

"ಬೇಡ ಅತ್ತೆ, ಡಾಕ್ಟ್ರನ್ನ ಕೇಳದೆ ಏನೂ ಬೇಡ. ಬಾಕಿ ಮಕ್ಕಳನ್ನ ಒಳಗೆ ಕೂಡಿಸಿ ಬಾಗಿಲು ಹಾಕ್ಕೊಳ್ಳಿ. ಹಿತ್ತಲಿಗೆ ಯಾರನ್ನೂ ಬಿಡ್ಬೇಡಿ. ಯಾರನ್ನೂ!"

ಎದುರು ಬಂದ ಆಟೋ ಹತ್ತಿದಳು. ಮುಖ್ಯರಸ್ತೆಯ ಸಿಗ್ನಲ್ ತಲುಪುವಷ್ಟರಲ್ಲಿ ರೇಣುವಿನ ಬಾಯಿಂದ ಜೊಲ್ಲು ಸುರಿಯತೊಡಗಿತು. ಆಮೇಲೆ ವಾಂತಿ. ಆಮೇಲೆ ಕತ್ತು ಹೇಮಶ್ರೀಯ ಭುಜಕ್ಕೆ ವಾಲಿತು. "ರೇಣು, ಹಕ್ಕಿ ಎಲ್ಲಿ? ಹಕ್ಕಿ ತೋರ್ಸು" ಎಂದು ಅವಳು ಕೇಳುತ್ತಲೇ ಇದ್ದಳು. ಮಗು ಕಣ್ಣು ಅರ್ಧ ತೆರೆದು ಮತ್ತೆ ಮುಚ್ಚುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ ಸಿಗ್ನಲ್ ದಾಟಿಸಿಬಿಟ್ಟ.

"ಯಾವ ಔಷಧಿ?" ಡ್ಯೂಟಿ ಡಾಕ್ಟರ್ ಮಗುವಿನ ಕಣ್ಣಿಗೆ ಟಾರ್ಚ್ ಬಿಟ್ಟು ಕೇಳಿದರು. "ಪ್ಯಾಕೆಟ್ ತಂದಿದ್ದೀರಾ?"

"ಇರುವೆ ಪುಡಿ ಮೇಡಂ. ಪ್ಯಾಕೆಟ್... ಎಸೆದ್ಬಿಟ್ಟಿದ್ದೀನಿ. ಡಬ್ಬಿಗೆ ಹಾಕಿಟ್ಟಿದ್ದೆ."

ಡಾಕ್ಟರ್ ಮಗುವಿನ ನಾಡಿ ಹಿಡಿದರು. "ಇರುವೆ ಪುಡಿ ಅಂದ್ರೆ ಹತ್ತು ಥರ ಇದೆ. ಒಂದೊಂದಕ್ಕೆ ಒಂದೊಂದು ಚಿಕಿತ್ಸೆ. ಹೆಸರು ಬೇಕು, ಬೇಗ. ವಾಂತಿ ಮಾಡಿಸಿದ್ರಾ?"

"ಇಲ್ಲ. ತಾನಾಗೇ ಆಯ್ತು."

"ಸದ್ಯ. ಬಲವಂತ ಮಾಡಿದ್ರೆ ಶ್ವಾಸಕೋಶಕ್ಕೆ ಹೋಗ್ತಿತ್ತು."

ಕಸದ ಆಟೋ ಬುಧವಾರವೇ ಬಂದು ಹೋಗಿತ್ತು. ಹೇಮಶ್ರೀ ಕಿಟ್ಟಿಗೆ ಫೋನ್ ಮಾಡಿದಳು. ಮೂರು ಸಲ ರಿಂಗಾಗಿ ನಿಂತಿತು. ನಾಲ್ಕನೆಯ ಸಲ ಎತ್ತಿ, "ಮೇಡಂ, ಗಿರಾಕಿ ಇದ್ದಾರೆ, ಆಮೇಲೆ..." ಎಂದ.

"ಕಿಟ್ಟಿ, ಮಂಗಳವಾರ ಕೊಟ್ಟ ಇರುವೆ ಪುಡಿ ಪ್ಯಾಕೆಟ್ ಹಿಂದೆ ಮುಂದೆ ಫೋಟೋ ತೆಗೆದು ಕಳ್ಸು. ಈಗ್ಲೇ. ಮಗು ತಿಂದಿದೆ."

ಆ ಕಡೆ ಏನೋ ಕೆಳಗೆ ಬಿದ್ದ ಸದ್ದಾಯಿತು. ಅರ್ಧ ನಿಮಿಷದಲ್ಲಿ ಫೋಟೋ ಬಂತು. ಪ್ಯಾಕೆಟ್ಟಿನ ಹಿಂಭಾಗದಲ್ಲಿ ವಜ್ರಾಕಾರದ ವಿಷದ ಗುರುತಿನ ಕೆಳಗೆ ಸಣ್ಣ ಅಕ್ಷರದಲ್ಲಿ ಏನೇನೋ ಇತ್ತು. ಮಂಗಳವಾರ ಅದನ್ನು ಓದಿಯೇ ಇರಲಿಲ್ಲ ಎಂದು ಅವಳಿಗೆ ಆಗ ಗೊತ್ತಾಯಿತು.

ಹೇಮಶ್ರೀ ಫೋನ್ ಮಾಡಿದೊಡನೆ ದಾನಮ್ಮ ಕ್ಲಿನಿಕ್ಕಿನ ನೀಲಿ ಕೋಟಿನಲ್ಲೇ ಓಡಿ ಬಂದಳು. ಅಷ್ಟರಲ್ಲಿ ಆ ಫೋಟೋ ನೋಡಿ, ಮಗಳ ಕೈಗೆ ಸೂಜಿ ಚುಚ್ಚಿ ಹನಿಹನಿ ಔಷಧಿ ಬಿಟ್ಟಿದ್ದರು. "ಇನ್ನೂ ಏನೂ ಹೇಳಕ್ಕಾಗಲ್ಲ. ರಾತ್ರಿ ಕಳೀಬೇಕು" ಎಂದು ಡಾಕ್ಟರ್ ಹೇಳಿ ಹೋಗಿದ್ದರು.

"ಏನಾತ್ರೀ ಅಕ್ಕಾರ? ಏನ್ ತಿಂದಾಳ್ರೀ? ಯಾರ್ ಕೊಟ್ರು?"

ಹೇಳುವುದು ಸುಲಭವಿತ್ತು. ಅತ್ತೆಗೆ ಗೊತ್ತಾಗಲಿಲ್ಲ, ರಂಗೋಲಿ ಅಂದುಕೊಂಡು ಬಿಟ್ಟುಬಿಟ್ಟರು, ವಯಸ್ಸಾಗಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಿರುತ್ತಿರಲಿಲ್ಲ. ಆ ಮಾತು ಹೇಮಶ್ರೀಯ ನಾಲಿಗೆಯ ತುದಿಗೆ ಬಂದು ನಿಂತಿತು.

"ಡಬ್ಬಿ ನಂದು ದಾನಮ್ಮ" ಎಂದಳು. "ಇರುವೆ ಔಷಧಿ ತಂದು, ಡಬ್ಬಿಗೆ ಸುರಿದು, ಹೆಸರು ಬರೀದೆ ಇಟ್ಟಿದ್ದು ನಾನು. ಅತ್ತೆ ಅದನ್ನ ರಂಗೋಲಿ ಅಂದ್ಕೊಂಡ್ರು. ರೇಣು ಹಿಟ್ಟು ಅಂದ್ಕೊಂಡ್ಳು. ತಪ್ಪು ನಂದು."

ದಾನಮ್ಮ ಹಾಸಿಗೆಯ ತುದಿಗೆ ಸರಿದಳು. ಮಗಳ ಪಾದವನ್ನು ಅಂಗೈಯಲ್ಲಿ ಹಿಡಿದು ಕೂತಿದ್ದಳು.

"ನಮ್ಮೂರಾಗ ಹತ್ತಿಗಿ ಹೊಡಿಯೋ ವಿಷದ ಎಣ್ಣಿ ಡಬ್ಬಿ ತೊಳದು ಅದ್ರಾಗ ಹೊಲಕ್ಕ ಕುಡಿಯೋ ನೀರ್ ಒಯ್ತಿದ್ವಿ" ಎಂದಳು ಕೊನೆಗೆ. "ನಾವು ಓದದ ಮಂದಿ. ಇಲ್ಲಿ ಮಂದಿ ಶಾಣ್ಯಾ ಇರ್ತಾರ ಅಂತ ತಿಳ್ಕೊಂಡಿದ್ದೆ."

"ಬೈದುಬಿಡು ದಾನಮ್ಮ."

"ಬೈದ್ರ ಆಕಿ ಎದ್ದು ಕೂಡ್ತಾಳೇನ್ರಿ?" ಮಗಳ ಹೊದಿಕೆ ಸರಿಪಡಿಸಿ ಕೇಳಿದಳು: "ಅಮ್ಮಾರಿಗೆ ಗೊತ್ತೇನು, ಅವ್ರ ಕೈಲಿಂದ ಆತು ಅಂತ?"

"ಇಲ್ಲ."

"ಹೇಳಬ್ಯಾಡ್ರಿ. ಎದಿ ಒಡಕೊಂಡು ಸಾಯ್ತಾರ."

ಸಂಜೆ ಹೇಮಶ್ರೀ ಮನೆಗೆ ಫೋನ್ ಮಾಡಿದಳು. ಮಕ್ಕಳನ್ನೆಲ್ಲ ಅವರವರ ತಾಯಂದಿರು ಕರೆದುಕೊಂಡು ಹೋಗಿದ್ದರು. "ಹೊಟ್ಟೆ ಕೆಟ್ಟಿದೆ ಅಂತ ಇಟ್ಕೊಂಡಿದ್ದಾರೆ ಅತ್ತೆ. ಆ ರಂಗೋಲಿ ಹತ್ರ ಹೋಗ್ಬೇಡಿ, ನಾನೇ ಬಂದು ತೆಗೀತೀನಿ." "ಆಯ್ತು" ಎಂದು ಅತ್ತೆ ಫೋನ್ ಇಟ್ಟರು. ಯಾಕೆ ಎಂದು ಕೇಳಲಿಲ್ಲ.

ಆ ರಾತ್ರಿ ಇಬ್ಬರು ಹೆಂಗಸರೂ ಹಾಸಿಗೆಯ ಎರಡು ಬದಿಗೆ ಕೂತು ಮಗುವಿನ ಎದೆ ಏರಿಳಿಯುವುದನ್ನು ನೋಡಿದರು. ಎರಡು ಗಂಟೆಗೆ ಒಮ್ಮೆ ಮೈ ಅದುರಿತು. ನರ್ಸ್ ಓಡಿ ಬಂದಳು, ಪರದೆ ಎಳೆದಳು. ಪರದೆಯ ಆಚೆ ನಿಂತ ಆ ಹತ್ತು ನಿಮಿಷ ದಾನಮ್ಮ ಹೇಮಶ್ರೀಯ ಮಣಿಕಟ್ಟು ಹಿಡಿದಿದ್ದಳು. ಸಿಟ್ಟಿಗೆ ಹಿಡಿದಿದ್ದಳೋ ಆಸರೆಗೋ ಹೇಮಶ್ರೀಗೆ ತಿಳಿಯಲಿಲ್ಲ. ಬಿಟ್ಟಾಗ ಬಳೆಯ ಗುರುತು ಚರ್ಮದಲ್ಲಿ ಇಳಿದಿತ್ತು.

ಬೆಳಗಿನ ಆರೂವರೆಗೆ ರೇಣು ಕಣ್ಣು ಬಿಟ್ಟು, ಗಂಟಲು ಕಟ್ಟಿದ ದನಿಯಲ್ಲಿ, "ಅವ್ವಾ, ಬಿಸ್ಕೀಟ" ಎಂದಳು.

ಆ ದಿನವೇ ಹೇಮಶ್ರೀ ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಒದ್ದೆ ಬಟ್ಟೆಯಿಂದ ರಂಗೋಲಿಯನ್ನು ಎಳೆ ಎಳೆಯಾಗಿ ಒರೆಸಿ ತೆಗೆದಳು. ಹಿಂದಿನ ಸಂದಿಯ ಪುಡಿಯನ್ನೂ ಬಿಡಲಿಲ್ಲ. ಬಟ್ಟೆ, ಡಬ್ಬಿ ಎಲ್ಲವನ್ನೂ ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗೀಟು ಹಾಕಿ, ಕಸದ ಆಟೋದಾಕೆಯ ಕೈಗೇ ಕೊಟ್ಟಳು. "ವಿಷ ಇದೆ ಅಕ್ಕ, ಬೇರೆ ಇಡಿ." ಆಕೆ, "ಹಿಂಗೆ ಹೇಳಿ ಕೊಟ್ಟೋಳು ಈ ಬೀದೀಲಿ ನೀನೊಬ್ಳೇ ಕಣಮ್ಮ. ಬ್ಯಾರೆಯವ್ರದ್ದು ನಮ್ಮ ಕೈಗೆ ಮೆತ್ಕೊಂಡ್ಮೇಲೇ ಗೊತ್ತಾಗೋದು" ಎಂದಳು.

ಉಳಿದ ನಾಲ್ವರ ತಾಯಂದಿರಿಗೂ ಅವಳು ಸಂದೇಶ ಕಳಿಸಿದಳು. ಮೂರು ಸಲ ಬರೆದು ಅಳಿಸಿದ ಮೇಲೆ ಉಳಿದದ್ದು ಇಷ್ಟೇ: ಇರುವೆ ಔಷಧಿಯನ್ನು ಹೆಸರಿಲ್ಲದ ಡಬ್ಬಿಯಲ್ಲಿ ಇಟ್ಟದ್ದು ನನ್ನ ತಪ್ಪು, ಒಂದು ಮಗು ಬಾಯಿಗೆ ಹಾಕಿಕೊಂಡು ಆಸ್ಪತ್ರೆ ಸೇರಿತ್ತು, ಈಗ ಹುಷಾರಾಗಿದೆ, ಮನೆಯಲ್ಲಿ ಇನ್ನು ಯಾವ ವಿಷವೂ ಇಲ್ಲ. ಅತ್ತೆಯ ಹೆಸರು ಅದರಲ್ಲಿರಲಿಲ್ಲ. ವಸಿಷ್ಠನ ತಾಯಿ ಉತ್ತರ ಬರೆಯಲಿಲ್ಲ. ಸೋಮವಾರ ವಸಿಷ್ಠ ಬರಲೂ ಇಲ್ಲ.

ಗಾರೆಯವನನ್ನು ಕರೆಸಿ ಹಿತ್ತಲ ಬಿರುಕುಗಳಿಗೆ ಸಿಮೆಂಟು ಮೆತ್ತಿಸಿದಳು. ದಿನವೂ ಮಕ್ಕಳು ಹೋದ ಮೇಲೆ ಚೆಲ್ಲಿದ ಚೂರುಪಾರು ಗುಡಿಸಿ, ಗೂಡು ಕಂಡಲ್ಲಿ ಕುದಿಯುವ ನೀರು ಹುಯ್ದಳು. ಅತ್ತೆ ಹೇಳಿದ್ದೂ ಅದನ್ನೇ. ಇರುವೆ ಪೂರ್ತಿ ಹೋಗಲಿಲ್ಲ, ಆದರೆ ಕಡಿಮೆಯಾದವು. ಅತ್ತೆಯ ಪ್ಲಾಸ್ಟಿಕ್ ಡಬ್ಬಿ ಖಾಲಿಯಾಗಿತ್ತು; ತಮ್ಮ ಹಳೆಯ ಡಬ್ಬಿಗೆ ಸೊಸೆ ಹೊಸ ಪುಡಿ ತುಂಬಿಟ್ಟಿದ್ದಾಳೆಂದು ಅವರು ಅಂದುಕೊಂಡಿರಬೇಕು. ಹೇಮಶ್ರೀ ಹೊಸದೊಂದು ಸ್ಟೀಲ್ ಡಬ್ಬಿ ತಂದು, ಅದಕ್ಕೆ ತಾನೇ ಅಕ್ಕಿಹಿಟ್ಟು ತುಂಬಿ, ದೊಡ್ಡಕ್ಷರದಲ್ಲಿ 'ಹಿಟ್ಟು' ಎಂದು ಬರೆದು, ಅತ್ತೆಗೆ ಓದು ಬಾರದ ಕಾರಣ ಪಕ್ಕದಲ್ಲೊಂದು ನವಿಲನ್ನೂ ಬಿಡಿಸಿಟ್ಟಳು.

ಅತ್ತೆ ಏನೂ ಕೇಳಲಿಲ್ಲ. ಹಲಗೆಯ ಮೇಲಿದ್ದ ಹಳೆಯ ಡಬ್ಬಿ ಎಲ್ಲಿ ಎಂದು ಕೇಳಲಿಲ್ಲ. ತಾನು ಬಿಟ್ಟ ರಂಗೋಲಿ ಯಾಕೆ ಅಳಿಸಿದೆ ಎಂದೂ ಕೇಳಲಿಲ್ಲ. ಬೇಳೆಗೆ ಉಪ್ಪು ಹೆಚ್ಚಾಯಿತು, ಸೊಪ್ಪಿನವಳು ಮೋಸ ಮಾಡಿದಳು ಎಂದು ದಿನಕ್ಕೆ ನೂರು ಮಾತಾಡುವ ಹೆಂಗಸು ಇದನ್ನು ಮರೆತಿರಬೇಕು ಎಂದುಕೊಂಡು ಹೇಮಶ್ರೀ ಸಮಾಧಾನಪಟ್ಟಳು. ಸಮಾಧಾನ ಪೂರ್ತಿ ಬರಲಿಲ್ಲ.

ಮುಂದಿನ ಗುರುವಾರ ದಾನಮ್ಮ ಮಗಳನ್ನು ಕರೆದುಕೊಂಡು ಬಾಗಿಲಿಗೆ ಬಂದಳು. ಒಳಗೆ ಬಿಡುವ ಮುಂಚೆ ಹಿತ್ತಲಿಗೆ ಹೋಗಿ, ಹಲಗೆಯ ಮೇಲೆ ಕೈಯಾಡಿಸಿ, ತುಳಸಿಕಟ್ಟೆಯ ಸುತ್ತ ಒಂದು ಸಲ ನಡೆದು ಬಂದಳು. ಹೇಮಶ್ರೀ ಪಕ್ಕಕ್ಕೆ ಸರಿದು ನಿಂತಳು.

"ನಿಮ್ಮ ಕಣ್ಣಾಗ ಬಿಟ್ಟು ಹೊಂಟೀನಿ" ಎಂದಳು ದಾನಮ್ಮ. ಈ ಸಲ ಚಿಂತೆಯಿಲ್ಲ ಎನ್ನಲಿಲ್ಲ.

ಆ ರಾತ್ರಿ ಮತ್ತೆ ಅಂಥದೇ ಸದ್ದು, ಈ ಸಲ ಮುಚ್ಚಳ ಬಿಚ್ಚಿದ್ದು.

ಟಕ್.

ಹೇಮಶ್ರೀ ಬರಿಗಾಲಲ್ಲಿ ಅಡುಗೆಮನೆಗೆ ಬಂದು, ದೀಪ ಹಾಕದೆ ಕಿಟಕಿಯ ಪಕ್ಕ ನಿಂತಳು. ಹಿತ್ತಲ ಬಲ್ಬಿನ ಕೆಳಗೆ ಅತ್ತೆ ಕುಕ್ಕರಗಾಲಲ್ಲಿ ಕೂತಿದ್ದರು. ಹೊಸ ಡಬ್ಬಿ ಮಡಿಲಲ್ಲಿತ್ತು, ಮುಚ್ಚಳ ಪಕ್ಕದಲ್ಲಿ. ಮುದುಕಿ ಡಬ್ಬಿಯ ಮೇಲಿನ ನವಿಲನ್ನು ಬೆರಳಿನಿಂದ ಸವರಿದರು. ಡಬ್ಬಿಯನ್ನು ಮೂಗಿನ ಹತ್ತಿರ ಹಿಡಿದು ಉಸಿರೆಳೆದರು. ಅವರಿಗೆ ಏನೂ ತಿಳಿದಿರಲಾರದು. ಆಮೇಲೆ ಚಿಟಿಕೆ ಹಿಟ್ಟು ತೆಗೆದು, ಮಕ್ಕಳ ಹಾಗೆ, ತಮ್ಮ ನಾಲಿಗೆಯ ಮೇಲೆ ಇಟ್ಟುಕೊಂಡರು.

ಕಣ್ಣು ಮುಚ್ಚಿ ಕಾದರು. ಒಂದು ನಿಮಿಷ. ಎರಡು ನಿಮಿಷ. ಎಲ್ಲೋ ನಾಯಿ ಬೊಗಳಿ ಸುಮ್ಮನಾಯಿತು. ತನಗೇನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲಷ್ಟೇ ಅತ್ತೆ ಕೈ ಚಾಚಿ ನೆಲದ ಮೇಲೆ ಮೊದಲ ಎಳೆ ಬಿಟ್ಟರು. ಎಂದೂ ಕಡಿಯದ ಅವರ ಎಳೆ ಅಲ್ಲಲ್ಲಿ ಕಡಿಯುತ್ತಿತ್ತು.

ಅವರಿಗೆ ಗೊತ್ತಿತ್ತು. ಆ ಶುಕ್ರವಾರದಿಂದಲೇ ಗೊತ್ತಿತ್ತು.

ಬಾಗಿಲು ತೆಗೆದು ಓಡಿಹೋಗಿ ಅವರ ಕೈ ಹಿಡಿದುಕೊಳ್ಳಬೇಕು, ತಪ್ಪು ನಿಮ್ಮದಲ್ಲ ಅತ್ತೆ ಎನ್ನಬೇಕು ಎಂದು ಹೇಮಶ್ರೀಗೆ ಅನ್ನಿಸಿತು. ಚಿಲಕದ ಮೇಲೆ ಕೈಯಿಟ್ಟಳು. ಹಾಗೆಂದರೆ ಆ ಮಾತು ಈ ಮನೆಯೊಳಗೆ ಬಂದು ಕೂರುತ್ತದೆ. ಆಮೇಲೆ ಅತ್ತೆ ಎಂದೂ ಹಿಟ್ಟು ಮುಟ್ಟಲಾರರು. ಡಬ್ಬಿಯಲ್ಲಿ ಇರುವುದು ಅಕ್ಕಿಹಿಟ್ಟು, ತುಂಬಿದ್ದು ತಾನೇ. ಅಷ್ಟು ಸಾಕು.

ಅವಳು ಚಿಲಕದಿಂದ ಕೈ ತೆಗೆದಳು. ತಾನು ಕಂಡದ್ದನ್ನು ಗಂಡನಿಗಾಗಲಿ, ದಾನಮ್ಮನಿಗಾಗಲಿ, ಅತ್ತೆಗಾಗಲಿ ಯಾವತ್ತೂ ಹೇಳುವುದಿಲ್ಲ ಎಂದು ಆ ಕತ್ತಲಲ್ಲೇ ತೀರ್ಮಾನಿಸಿ, ಎಳೆ ಮುಗಿದು ಮುಚ್ಚಳ ಕೂರುವ ಸದ್ದು ಕೇಳುವವರೆಗೆ ಅಲ್ಲೇ ನಿಂತಿದ್ದಳು.